ತಲೆಯ ಕಡೆಯ ದನಿ

ಕೊಟ್ಟಿಗೆಯ ಗೋಡೆಗೆ ಅವನು ಅಂಟಿಸಿದ್ದ ಮೊಟ್ಟೆ ತಟ್ಟೆಗಳನ್ನು ಹೋದ ವಾರ ನಾನೇ ಕಿತ್ತೆ. ಕಿತ್ತ ಕಡೆಯೆಲ್ಲ ಸುಣ್ಣ ಉದುರಿತು. ಹಿಂದೆ ಹಲ್ಲಿ ಮೊಟ್ಟೆ, ಜಿರಲೆ, ಒಣಗಿದ ಗೋಂದು. ದನಿ ಗೋಡೆಗೆ ಬಡಿದು ವಾಪಸು ಬರಬಾರದು ಎಂದು ಅದನ್ನೆಲ್ಲ ಅಂಟಿಸಿದ್ದ. ಈಗ ಅಲ್ಲಿ ಕೆಮ್ಮಿದರೆ ಕೆಮ್ಮು ವಾಪಸು ಬರುತ್ತದೆ. ಯಾರಾದರೂ ಕೇಳಿಕೊಂಡು ಬಂದರೆ ಕೋಣೆಯನ್ನು ಬಾಡಿಗೆಗೆ ಕೊಡುತ್ತೇನೆ.

ಅವನ ಹೆಸರು ಬೇಡ. ನಮ್ಮ ಅವಲಪಲ್ಲಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರೂ ಇಲ್ಲ. ರೆಕಾರ್ಡಿನೋನು ಅಂದರೆ ಎಲ್ಲರಿಗೂ ಗೊತ್ತು. ಮೈಸೂರು ಕಡೆಯವನು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಮಿಷನ್ನಿನ ಮುಂದೆ ನಿಂತು ಅರ್ಧ ಆಯಸ್ಸು ಕಳೆದ. ಆಮೇಲೆ ಕೆಲಸ ಬಿಟ್ಟು, ಸ್ಟುಡಿಯೋ ಮಾಡುತ್ತೇನೆ ಎಂದು ನಮ್ಮ ಬಾಗಿಲಿಗೆ ಬಂದ. ನಾವು ಹಸು ಮಾರಿ ಕೊಟ್ಟಿಗೆ ಖಾಲಿ ಬಿದ್ದಿತ್ತು.

"ಸಗಣಿ ವಾಸ್ನೆ ಇನ್ನೂ ಹೋಗಿಲ್ಲ ಕಣಪ್ಪ," ಅಂದೆ.

"ವಾಸನೆ ರೆಕಾರ್ಡ್ ಆಗಲ್ಲ ಅಕ್ಕ," ಅಂದ.

ಮೊದಲ ದಿನವೇ ನನ್ನ ಬಾಯಿಗೆ ಸರಿಯಾಗಿ ಬಾಯಿ ಕೊಟ್ಟ ಮನುಷ್ಯ. ಅದಕ್ಕೇ ಬೀಗದ ಕೈ ಕೊಟ್ಟೆ.

ಹೊಟ್ಟೆಪಾಡಿಗೆ ಏನು ಬಂದರೂ ಮಾಡುತ್ತಿದ್ದ. ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳಲ್ಲಿ ಅಮ್ಮನ ಹಾಡು ತಮಿಳಿನಲ್ಲಿ, ಡಿಸೆಂಬರಿನಲ್ಲಿ ಏಸುವಿನ ಹಾಡು ತೆಲುಗಿನಲ್ಲಿ. ನಡುವೆ ಸೀರೆ ಅಂಗಡಿಯವರು ಆಟೋದಲ್ಲಿ ಮೈಕು ಕಟ್ಟಿಕೊಂಡು ಕೂಗಿಸುವುದಕ್ಕೆ ಮೂರು ಭಾಷೆಯ ಕೂಗು. ಒಂದೇ ರಾಗವನ್ನು ಇಬ್ಬರು ದೇವರಿಗೂ ಒಬ್ಬ ಸೀರೆ ಅಂಗಡಿಯವನಿಗೂ ಹಾಕಿದ್ದನ್ನು ನಾನು ಕಂಡುಹಿಡಿದು ಕೇಳಿದೆ. ಅವನು ನಾಚಿಕೊಳ್ಳಲಿಲ್ಲ. "ದೇವರುಗಳು ಒಬ್ಬರ ಮನೇಲಿ ಇನ್ನೊಬ್ಬರು ಕೂತು ಕೇಳಲ್ಲ ಅಕ್ಕ," ಅಂದ.

ಅವನಿಗೆ ಒಂದು ಅಭ್ಯಾಸ ಇತ್ತು. ಯಾರೇ ಬಂದರೂ ತನ್ನ ಬಲಗಡೆ ಕೂರಿಸಿಕೊಳ್ಳುವುದು. ಎಡಗಡೆ ಕೂತರೆ ಎದ್ದು ಆಚೆ ಹೋಗಿ ಕೂರುವನು. ಬಸ್ಸಿನಲ್ಲಿ ಹೋದರೂ ಎಡಗಡೆ ಕಿಟಕಿಯೇ ಬೇಕು, ಪಕ್ಕದವರು ಬಲಕ್ಕೆ ಬರಬೇಕು. ಯಾಕಪ್ಪ ಎಂದು ಕೇಳಿದರೆ, "ಬಲ ಶುಭ," ಎನ್ನುವನು. ಮೈಸೂರು ಕಡೆ ಅದೇನು ಶಾಸ್ತ್ರವೋ ಎಂದು ನಾವೂ ಸುಮ್ಮನಾದೆವು.

ಇನ್ನೊಂದು ಮಾತು ಅವನ ಬಾಯಲ್ಲಿ ಯಾವಾಗಲೂ ಇರುತ್ತಿತ್ತು. "ಕೊನೆಗೆ ಎಲ್ಲಾ ಎರಡೇ ಅಕ್ಕ. ಹತ್ತು ಜನ ಹಾಡ್ಲಿ, ಊರಿನ ತಮಟೆ ಎಲ್ಲಾ ಬಡೀಲಿ, ಕೊನೆಗೆ ಅದನ್ನ ಎರಡಕ್ಕೆ ಇಳಿಸ್ಬೇಕು. ಎಡಕ್ಕೊಂದು ಬಲಕ್ಕೊಂದು. ಮನುಷ್ಯನಿಗೆ ಇರೋದೇ ಎರಡು ಕಿವಿ."

ಹಾಗೆ ಎರಡಕ್ಕೆ ಇಳಿಸಿ, ಹದ ನೋಡಿ, ಕಡೆಯ ಪ್ರತಿ ಹಿಡಿದಿಡುವುದಕ್ಕೆ ಒಂದು ಬೇರೆ ಮಿಷನ್ ಬೇಕಂತೆ. ಇಳಿಸೋ ಮಿಷನ್ ಎಂದು ಕರೆಯುತ್ತಿದ್ದ. ಅದನ್ನು ಆರಿಸುವುದರಲ್ಲೇ ಅವನ ವರ್ಷಗಳು ಹೋದವು. ಮೊದಲು ಕ್ಯಾಸೆಟ್ಟಿನದು ಇಟ್ಟಿದ್ದ. ಬುಸ್ಸೆನ್ನುತ್ತದೆ ಎಂದು ಬಿಟ್ಟ. ಆಮೇಲೆ ಬೆಂಕಿಪೊಟ್ಟಣದಂಥ ಪುಟ್ಟ ಕ್ಯಾಸೆಟ್ಟಿನದು ತಂದ. ಅದರ ಕ್ಯಾಸೆಟ್ಟು ಬರುವುದೇ ನಿಂತುಹೋಯಿತು. ಸಿ.ಡಿ. ಬರೆಯುವುದನ್ನು ತಂದ. ಕೊಟ್ಟಿಗೆಯ ತೇವಕ್ಕೆ ಸಿ.ಡಿ.ಗಳ ಹೊಳಪು ಹುಣ್ಣಿನ ಚಕ್ಕೆಯ ಹಾಗೆ ಎದ್ದಿತು. ಕಂಪ್ಯೂಟರಿನೊಳಗೇ ಇಡು ಎಂದು ಎಲ್ಲರೂ ಹೇಳಿದರು. ಅದು ಒಂದು ಸಲ ಕೆಟ್ಟು, ಒಂದು ವರ್ಷದ ಅಮ್ಮನ ಹಾಡೆಲ್ಲ ಹೋಗಿತ್ತು. ಆವತ್ತಿನಿಂದ ಕಂಪ್ಯೂಟರನ್ನು ಅವನು ನಂಬಲಿಲ್ಲ.

ನಾನು ರಾಯಕೋಟೆ ಮಂಡಿಗೆ ಟೊಮೇಟೊ ಹಾಕಿ ಬಂದವಳು. ಅವನಿಗೆ ಹೇಳಿದೆ, "ಒಳ್ಳೇ ಹಣ್ಣೇ ಬೇಕು ಅಂತ ಬುಟ್ಟಿ ಬುಟ್ಟಿ ಹಿಚುಕ್ತಾ ನಿಂತ್ಕಂಡ್ರೆ ಮಂಡಿ ಮುಚ್ಕಂಡು ಹೋಗ್ಬುಡ್ತದೆ ಕಣಪ್ಪ."

ನಗುತ್ತಿದ್ದ. ಆರಿಸುವುದನ್ನು ಮಾತ್ರ ಬಿಡಲಿಲ್ಲ.

ಇಷ್ಟೆಲ್ಲ ಯಾರಿಗಾಗಿ ಅಂದರೆ, ಸೀರೆ ಅಂಗಡಿಗೆ ಅಲ್ಲ. ಪಾಪಮ್ಮನಿಗಾಗಿ.

ಪಾಪಮ್ಮ ನನ್ನ ವಾರಗಿತ್ತಿ. ಗಂಡನ ಅಣ್ಣನ ಹೆಂಡತಿ. ಸೂಳಗಿರಿ ಪಕ್ಕದ ನಮ್ಮ ಹಳೆಯ ಊರಿನಲ್ಲೇ ಕಡೆಯವರೆಗೂ ಇದ್ದಳು. ಆ ಸುತ್ತಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವಳಿಗೆ ಕರೆ ಬರುವುದು. ಹೆಣದ ತಲೆಯ ಕಡೆ ಅವಳು ಕೂರುವಳು, ಕಾಲ ಕಡೆ ನಾನು. ಅವಳು ಸೊಲ್ಲು ಕಟ್ಟಿ ಹಾಡಿ ಅಳುವಳು. ಸೊಲ್ಲಿನ ಬಾಲವನ್ನು ನಾನು ಎತ್ತಿಕೊಳ್ಳುವೆನು. ಅಷ್ಟರಲ್ಲಿ ಅವಳು ಉಸಿರು ತೆಗೆದುಕೊಂಡು ಮುಂದಿನದು ಕಟ್ಟುವಳು. ಸತ್ತವನು ಏನು ಉಂಡ, ಯಾರ ಜೊತೆ ಜಗಳ ಆಡಿದ, ಯಾವ ಬದುವಿನಲ್ಲಿ ಕೂತು ಬೀಡಿ ಸೇದಿದ, ಎಲ್ಲ ಅದರಲ್ಲಿ ಬರುವುದು. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗರಿಗೆ ತೆಲುಗಿನಲ್ಲಿ. ಒಂದು ಹೆಣಕ್ಕೆ ಹಾಡಿದ್ದನ್ನು ಇನ್ನೊಂದಕ್ಕೆ ಹಾಡುತ್ತಿರಲಿಲ್ಲ. ನನಗೆ ಬರುವುದು ಬಾಲ ಮಾತ್ರ. ಸೊಲ್ಲು ಕಟ್ಟಲು ಗಂಟಲಿದ್ದರೆ ಸಾಲದು.

ಫೋನಿನಲ್ಲಿ ಯಾರೂ ಹಿಡಿಯಲಿಲ್ಲವೇ ಎಂದು ಈಗಿನವರು ಕೇಳುತ್ತಾರೆ. ಯಾರಾದರೂ ಫೋನು ಎತ್ತಿದರೆ ಪಾಪಮ್ಮ ಹಾಡು ನಿಲ್ಲಿಸಿಬಿಡುವಳು. "ನಿಮ್ಮಪ್ಪ ಬಿದ್ದವ್ನೆ, ನೀನು ಪೋಟ ಹಿಡೀತೀಯೇನ್ಲಾ," ಎಂದು ಎಲ್ಲರ ಮುಂದೆ ಕೇಳುವಳು. ಕೇಳಿಸಿಕೊಂಡವನು ಮತ್ತೆ ಎತ್ತುತ್ತಿರಲಿಲ್ಲ.

ಅವಳಿಗೆ ವಯಸ್ಸಾದಂತೆ ಒಂದೇ ಚಿಂತೆ ಹತ್ತಿಕೊಂಡಿತು. ಒಂದು ದಿನ ನಮ್ಮ ಜಗುಲಿಯ ಮೇಲೆ ಕೂತು, ಅವನ ಎದುರಿಗೇ ಅಂದಳು, "ಎಲ್ರಿಗೂ ನಾನು ಹಾಡ್ದೆ. ನಾನ್ ಸತ್ರೆ ನಂಗ್ಯಾರೇ ಹಾಡೋರು? ನೀನಾ? ನೀನು ಬಾಲ ಹಿಡ್ಕಂಡು ಎಳೀತೀಯ, ಎತ್ತು ಎಲ್ಲಿಂದ ತರ್ತೀಯ?"

ನಿಜವೇ ತಾನೇ.

ಅವನು ಟೀ ಲೋಟ ಕೆಳಗಿಟ್ಟ. "ನೀವೇ ಹಾಡಿ ಇಟ್ಬಿಡಿ ಅಕ್ಕ. ನಿಮ್ಮ ದನಿ ನಿಮಗೇ ಹಾಕ್ತೀನಿ. ತಲೆ ಕಡೆ ಒಂದು ಸ್ಪೀಕರ್ ಪೆಟ್ಟಿಗೆ, ಕಾಲ ಕಡೆ ಒಂದು ಪೆಟ್ಟಿಗೆ. ತಲೆ ಕಡೆಯಿಂದ ನೀವು, ಕಾಲ ಕಡೆಯಿಂದ ಇವರು."

ಪಾಪಮ್ಮ ಅವನ ಕಡೆ ತಿರುಗಿ ಕೂತಳು. "ಮಾತು ಕೊಡ್ತೀಯಾ?" ಅಂದಳು. ಅವನು ಕೈ ಮುಂದೆ ಮಾಡಿದ. ಅವಳು ಅದರ ಮೇಲೆ ಕೈಯಿಟ್ಟಳು.

ಕೊಟ್ಟ ಮಾತಿಗೆ ತಕ್ಕ ಮಿಷನ್ ಬೇಕು ಎಂದು ಮತ್ತೆ ಹುಡುಕಲು ಹತ್ತಿದ. ನನ್ನ ಕಣ್ಣಿನ ಪೊರೆ ತೋರಿಸುವುದಕ್ಕೆ ಬೆಂಗಳೂರಿಗೆ ಹೋಗುವುದಿತ್ತು, ಜೊತೆಗೆ ಬಂದ. ಬರುವಾಗ ಒಂದು ದೊಡ್ಡ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವನು ಬೆರಳಷ್ಟು ಉದ್ದದ್ದು, ಅಂಗೈಯಷ್ಟು ಅಗಲದ್ದು, ಎಲ್ಲ ಮುಂದೆ ಹರಡಿದ.

"ಮುಳ್ಳು ಇರೋದು ಇಲ್ವಾ?" ಎಂದು ಇವನು ಕೇಳಿದ. "ಗಡಿಯಾರದಲ್ಲಿದ್ದಂಗೆ ಎರಡು ಮುಳ್ಳು. ದನಿ ಬಂದಂಗೆ ಆಡ್ಬೇಕು."

"ಮುಳ್ಳು ಯಾರು ಸಾರ್ ನೋಡ್ತಾರೆ ಈಗ? ಕಿವೀಲಿ ಕೇಳಿದ್ರೆ ಸಾಕಲ್ವಾ?"

ಇವನು ಎಲ್ಲವನ್ನೂ ಅವನ ಕಡೆಗೇ ತಳ್ಳಿದ. ಆಚೆ ಬಂದು ಬಿಸಿಲಿನಲ್ಲಿ ನಿಂತ. ಅಷ್ಟು ಮಾತಿಗೆ ಇವನಿಗ್ಯಾಕೆ ಸಿಟ್ಟು ಎಂದು ನನಗೆ ತಿಳಿಯಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಎಡಗಡೆ ಕಿಟಕಿಗೆ ತಲೆ ಕೊಟ್ಟು, ಹೊಸೂರು ಬರುವವರೆಗೆ ಹೊರಗೇ ನೋಡುತ್ತಾ ಕೂತ.

ಕೊನೆಗೆ ಮುಳ್ಳಿನ ಮಿಷನ್ ಸೇಲಂನಲ್ಲಿ ಸಿಕ್ಕಿತು. ಯಾವುದೋ ಹಳೆಯ ಸ್ಟುಡಿಯೋ ಮುಚ್ಚುತ್ತಿದ್ದರು. ಟೊಮೇಟೊ ಇಳಿಸಿ ಖಾಲಿ ಬರುತ್ತಿದ್ದ ನಮ್ಮವರ ಗಾಡಿಯಲ್ಲಿ, ಕ್ರೇಟುಗಳ ನಡುವೆ ಹುಲ್ಲು ಹಾಸಿ ತಂದ. ನಾಲ್ಕು ಜನ ಹಿಡಿದು ಇಳಿಸಿದೆವು. ಊಟದ ತಟ್ಟೆಯಷ್ಟು ಅಗಲದ ಎರಡು ಚಕ್ರ. ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಸುತ್ತಿಕೊಳ್ಳುವ ಕಂದು ಟೇಪು. ಕೆಳಗೆ ಗಾಜಿನ ಹಿಂದೆ ಎರಡು ಮುಳ್ಳು. ಅವನು ಅಂಗಿಯ ತುದಿಯಲ್ಲಿ ಗಾಜು ಒರೆಸಿ ಒರೆಸಿ ನೋಡಿದ. ಮದುವೆಯಲ್ಲೂ ಹೆಂಡತಿಯನ್ನು ಹಾಗೆ ನೋಡಿದ್ದನೋ ಇಲ್ಲವೋ.

"ಇದೇ ಆಯ್ತಾ?" ಅಂದೆ.

"ಇದೇ ಅಕ್ಕ. ಇದಕ್ಕೆ ಒಂದ್ಸಲ ಇಳಿಸಿದ್ರೆ ಮುಗೀತು. ಆಮೇಲೆ ಯಾರೂ ಏರಿಸೋಕಾಗಲ್ಲ, ತಗ್ಗಿಸೋಕಾಗಲ್ಲ."

ಪಾಪಮ್ಮನನ್ನು ಕರೆಸಿದ. ಅವಳು ಬಂದು ಮೈಕಿನ ಮುಂದೆ ಕೂತು ಬಾಯಿ ತೆರೆದಳು. ಏನೂ ಬರಲಿಲ್ಲ. ಇನ್ನೊಂದು ಸಲ ತೆರೆದಳು. "ಹೆಣ ಇಲ್ದೆ ಎಂಗಪ್ಪ ಅಳಾದು? ಬದುಕಿರೋ ಮನೇಲಿ ಸಾವಿನ ಪದ ಎತ್ತಾಕಿಲ್ಲ. ಬಾಯಿಗೇ ಬರಾಕಿಲ್ಲ."

ಅವನು ಚಾಪೆ ಬಿಡಿಸಿ ಮಲಗಿದ. ದಕ್ಷಿಣಕ್ಕೆ ತಲೆ ಹಾಕಿ, ಕಾಲು ಜೋಡಿಸಿ, ಎದೆಯವರೆಗೆ ಪಂಚೆ ಎಳೆದುಕೊಂಡ. "ಹೆಣ ಬಂತು, ಅಳಿ," ಅಂದ.

"ಎದ್ದೇಳೋ ಮೂದೇವಿ," ಎಂದು ನಾನು ಬೈದೆ. ಪಾಪಮ್ಮ ಬೈಯಲಿಲ್ಲ. ಬದುಕಿರುವವನಿಗೆ ಹಾಡಿದರೆ ಆಯಸ್ಸು ಹೆಚ್ಚುತ್ತದೆ ಎಂದಳು. ಎದ್ದು ಹೋಗಿ ಅವನ ತಲೆಯ ಕಡೆ ಕೂತಳು. ನಾನು ಕಾಲ ಕಡೆ ಕೂತೆ. ಒಂದೊಂದು ಮೈಕು ನಮ್ಮಿಬ್ಬರ ಮುಂದೆ.

ಮೊದಲು ಅವನಿಗೇ ಹಾಡಿದಳು. ಮೊಟ್ಟೆ ತಿಂದೋರು ಯಾರೋ, ತಟ್ಟೆ ಅಂಟ್ಸಿದ ಮಗನೇ, ದನದ ಕೊಟ್ಟಿಗೇಲಿ ದೇವ್ರ ಕೂರಿಸ್ದ ಮಗನೇ, ಎಲ್ಲಿ ಹೋದ್ಯಪ್ಪ. ನಾನು "ಹೋದ್ಯಪ್ಪ, ನಮ್ಮಪ್ಪಾ" ಎಂದು ಎತ್ತಿಕೊಂಡೆ. ಹೆಣದ ಹೊಟ್ಟೆ ನಗುವಿನಿಂದ ಕುಲುಕುತ್ತಿತ್ತು. ಕಣ್ಣು ಮಾತ್ರ ಓರೆಯಾಗಿ ಮುಳ್ಳುಗಳ ಮೇಲೆ.

ಆಮೇಲೆ ಪಾಪಮ್ಮ ನೀರು ಕುಡಿದಳು. "ಈಗ ನಂದು," ಅಂದಳು. ತನಗೆ ತಾನೇ ಹಾಡಿಕೊಂಡಳು. ಆಗ ಅವನ ಹೊಟ್ಟೆ ಕುಲುಕಲಿಲ್ಲ. ಸತ್ತವಳಿಗೆ ಹಾಡುವಂತೆ, ಹೆಸರು ಹಿಡಿದು, ಹಡೆದದ್ದು, ಕಳೆದದ್ದು, ಯಾರ ಯಾರ ಬಾಗಿಲಲ್ಲಿ ಕೂತು ಅತ್ತಳು, ಯಾರು ಕುಡಿಯಲು ನೀರು ಕೊಟ್ಟರು, ಯಾರು ಕೊಡಲಿಲ್ಲ, ಎಲ್ಲ ಹೇಳಿದಳು. ಅದನ್ನು ಇಲ್ಲಿ ಬರೆಯಬೇಕು. ಬರೆಯಲು ಸೊಲ್ಲು ನೆನಪಿಲ್ಲ. ಬಾಲ ಎತ್ತಿಕೊಳ್ಳುವವಳು ಬಾಲದ ಮೇಲೇ ಗಮನ ಇಟ್ಟಿರುತ್ತಾಳೆ, ಸೊಲ್ಲು ಕಿವಿಯ ಪಕ್ಕ ಹಾದುಹೋಗುತ್ತದೆ.

ಮುಗಿದ ಮೇಲೆ ಅವನನ್ನು ಎಬ್ಬಿಸಿ ತಲೆಗೆ ನೀರು ಹಾಕಿ ಹಾಲು ಕುಡಿಸಿದೆವು. "ಹೋಗು, ನೂರು ವರ್ಷ ಬಾಳು," ಎಂದಳು ಪಾಪಮ್ಮ.

ಹಾಡಿದ್ದು ಮೊದಲು ಕಂಪ್ಯೂಟರಿಗೆ ಹೋಗಿತ್ತು, ಮುಳ್ಳು ನೋಡಲಷ್ಟೇ ದೊಡ್ಡ ಮಿಷನ್ನಿಗೂ ವೈರು ಕೊಟ್ಟಿದ್ದ. ಅಲ್ಲಿಂದ ದೊಡ್ಡ ಮಿಷನ್ನಿಗೆ ಇಳಿಸಬೇಕು. ಒಬ್ಬರ ಮೈಕಿಗೆ ಬಿದ್ದಿದ್ದ ಇನ್ನೊಬ್ಬರ ದನಿಯನ್ನು ಕತ್ತರಿಸಿ ತೆಗೆದು, ಅವಳ ದನಿ ಪೂರಾ ಎಡಕ್ಕೆ, ನನ್ನದು ಪೂರಾ ಬಲಕ್ಕೆ. ಬಾಗಿಲು ಹಾಕಿಕೊಂಡು ಇಳಿಸಿದ. ಮುಳ್ಳುಗಳು ಎರಡೂ ಚೆನ್ನಾಗಿ ಆಡಿದವಂತೆ. ಆಮೇಲೆ ಕಿವಿಗೆ ಹಾಕಿಕೊಳ್ಳುವ ದೊಡ್ಡ ಬಟ್ಟಲುಗಳನ್ನು ಹಾಕಿಕೊಂಡು, ಟೇಪಿಗೆ ಇಳಿದದ್ದನ್ನು ಒಬ್ಬನೇ ಕಣ್ಣು ಮುಚ್ಚಿ ಕೇಳಿದ. ಪಾಪಮ್ಮ ತಾನೂ ಕೇಳುತ್ತೇನೆ ಎಂದು ಕೈ ಚಾಚಿದ್ದಕ್ಕೆ, "ಕಡೇ ಪ್ರತಿ ಕೇಳೋದು ನನ್ನ ಕೆಲ್ಸ ಅಕ್ಕ. ಸುಮ್ಮಸುಮ್ನೆ ಓಡ್ಸಿದ್ರೆ ಟೇಪು ಸವೀತದೆ," ಅಂದ. ಅವಳು ಮುಖ ಸಿಂಡರಿಸಿದಳು. "ನನ್ನ ಹಾಡು ಕೇಳಾಕೆ ನಾನು ಸಾಯ್ಬೇಕು ನೋಡು," ಎಂದು ನನಗೆ ಹೇಳಿ ನಕ್ಕಳು.

ಚುನಾವಣೆ ಬಂತು. ಒಂದು ಪಕ್ಷದವರು ಹಾಡು ಮಾಡಿಸಲು ಬಂದರು. ಕಂಪ್ಯೂಟರಿನಲ್ಲಿ ಜಾಗ ಇರಲಿಲ್ಲ. ಪಾಪಮ್ಮನದು ಟೇಪಿಗೆ ಇಳಿದಾಗಿದೆ, ಇನ್ನೇನು ಭಯ ಎಂದು ಕಂಪ್ಯೂಟರಿನದನ್ನು ಒರೆಸಿಹಾಕಿದ. ಆ ಪಕ್ಷ ಸೋತಿತು. ಹಾಡು ಕೂಡ ಚೆನ್ನಾಗಿರಲಿಲ್ಲ.

ಮಾರನೆಯ ವರ್ಷದ ಬೇಸಿಗೆಯಲ್ಲಿ ಪಾಪಮ್ಮ ಹೋದಳು. ಬೆಳಿಗ್ಗೆ ಮುದ್ದೆ ಉಂಡು ಮಲಗಿದವಳು ಏಳಲಿಲ್ಲ. ಫೋನು ಬಂದಾಗ ಅವನು ಕೊಟ್ಟಿಗೆಯಲ್ಲೇ ಇದ್ದ. ಅದೇ ಟೊಮೇಟೊ ಗಾಡಿಯಲ್ಲಿ ಮಿಷನ್ ಏರಿಸಿದ. ಸೂಳಗಿರಿಗೆ ಹೋಗುವವರೆಗೆ ಅದನ್ನು ತಬ್ಬಿ ಹಿಡಿದುಕೊಂಡೇ ನಿಂತಿದ್ದ.

ಪಾಪಮ್ಮನನ್ನು ಅಂಗಳದಲ್ಲಿ ಮಲಗಿಸಿದ್ದರು. ಅವಳು ಹಾಡಿಸಿ ಇಟ್ಟಿದ್ದಾಳೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು, ಅವಳೇ ಸಾರಿಕೊಂಡು ಬಂದಿದ್ದಳು. ಆಕಡೆ ಈಕಡೆ ಊರಿನವರು, ತಮಿಳು ನೆಂಟರು, ತೆಲುಗು ನೆಂಟರು, ಎಲ್ಲ ಕೂತರು. ತಮಟೆಯವರು ತಮಟೆ ಕೆಳಗಿಟ್ಟರು. ಅವನು ತಲೆಯ ಕಡೆ ಒಂದು ಪೆಟ್ಟಿಗೆ ಇಟ್ಟ, ಕಾಲ ಕಡೆ ಒಂದು. ನಾನು ಗುಂಪಿನಲ್ಲಿ ಕೂತೆ. ಜೀವಮಾನದಲ್ಲಿ ಮೊದಲನೆಯ ಸಲ ಸಾವಿನ ಮನೆಯಲ್ಲಿ ನನಗೆ ಕೆಲಸ ಇರಲಿಲ್ಲ.

ಚಕ್ರ ತಿರುಗಿತು. ಏನೂ ಬರಲಿಲ್ಲ. ಜನ ಕಾದರು. ಆಮೇಲೆ ಕಾಲ ಕಡೆಯ ಪೆಟ್ಟಿಗೆಯಿಂದ ನನ್ನ ದನಿ ಬಂತು. "ಹೋದ್ಯವ್ವಾ, ನಮ್ಮವ್ವಾ." ಮತ್ತೆ ಏನೂ ಇಲ್ಲ. ಮತ್ತೆ ನಾನು.

ಅವನು ಓಡಿಹೋಗಿ ತಲೆಯ ಕಡೆಯ ಪೆಟ್ಟಿಗೆಗೆ ಬಗ್ಗಿ ಕಿವಿ ಕೊಟ್ಟ. ಬಲಗಿವಿ. ವೈರು ಅಲುಗಾಡಿಸಿದ. ಆಮೇಲೆ ಎರಡೂ ವೈರು ಕಿತ್ತು ಅದಲುಬದಲು ಮಾಡಿದ. ಈಗ ತಲೆಯ ಕಡೆಯಿಂದ ನನ್ನ ದನಿ ಬಂತು, ಕಾಲ ಕಡೆ ಸುಮ್ಮನಾಯಿತು. ಪೆಟ್ಟಿಗೆ ಸರಿಯಾಗಿದೆ, ಟೇಪಿನಲ್ಲೇ ಅವಳಿಲ್ಲ. ಅದು ಅವನಿಗೆ ಗೊತ್ತಾದ ಗಳಿಗೆ ನನಗೂ ಗೊತ್ತಾಯಿತು, ಯಾಕೆಂದರೆ ಅವನು ನಿಂತಲ್ಲೇ ಕೂತ.

"ಏನಾಯ್ತಣ್ಣೋ? ಪಾಪಮ್ಮತ್ತೆ ಎಲ್ಲಿ?" ಎಂದು ಯಾರೋ ಕೇಳಿದರು. ಪಾಪಮ್ಮನ ಮಗ ತಮಟೆಯವರಿಗೆ ಕೈ ಮಾಡಿದ. ಹೊತ್ತಾಗುತ್ತಿತ್ತು, ಹೆಣ ಎತ್ತಲೇಬೇಕಿತ್ತು. ನಾಡಿಗೆಲ್ಲ ಹಾಡಿದವಳನ್ನು ಬರೀ ತಮಟೆ ಬಡಿದು ಕಳಿಸಿದರು.

ಮಣ್ಣು ಮಾಡಿ ಬಂದು ಬೋರ್‌ವೆಲ್ ಹತ್ತಿರ ಕೈಕಾಲು ತೊಳೆಯುವಾಗ ಅವನು ನನಗೆ ಹೇಳಿದ. ಅವನ ಎಡಗಿವಿ ಕಾರ್ಖಾನೆಯಲ್ಲೇ ಸತ್ತುಹೋಗಿತ್ತು. ಹೆಂಡತಿಗೂ ಪೂರ್ತಿ ಗೊತ್ತಿರಲಿಲ್ಲ. ಅದಕ್ಕೇ ಮುಳ್ಳಿನ ಮಿಷನ್. ಕಿವಿ ಕೇಳದ್ದನ್ನು ಕಣ್ಣು ನೋಡಲಿ ಎಂದು. ಆದರೆ ಇಳಿಸುವಾಗ ಮುಳ್ಳು ತೋರಿಸುವುದು ಮಿಷನ್ನಿಗೆ ಬಂದ ದನಿಯನ್ನು, ಟೇಪಿನ ಮೇಲೆ ಕೂತ ದನಿಯನ್ನಲ್ಲ. ಎಡಗಡೆ ಬರೆಯುವ ಭಾಗ ಒಳಗೆ ಕೆಟ್ಟಿತ್ತು. ಬಟ್ಟಲು ಹಾಕಿಕೊಂಡು ಕೇಳಿದಾಗ ಎಡಗಡೆ ಏನೂ ಇರಲಿಲ್ಲ. ಅವನ ಎಡಗಡೆ ಯಾವತ್ತೂ ಏನೂ ಇರುತ್ತಿರಲಿಲ್ಲ.

"ಬಟ್ಟಲು ತಿರುಗಿಸಿ ಹಾಕ್ಕಂಡಿದ್ರೆ ಗೊತ್ತಾಗ್ತಿತ್ತು ಅಕ್ಕ," ಅಂದ. "ಮುಳ್ಳು ಆಡ್ತಿತ್ತಲ್ಲ ಅಂತ..."

"ಯಾರ್ನಾದ್ರೂ ಕರೆದು ಕೇಳು ಅನ್ನಕ್ಕೇನಾಗಿತ್ತು ನಿಂಗೆ? ಅವ್ಳೇ ಕೈ ಚಾಚಿದ್ಲಲ್ಲೋ."

"ಕಿವುಡನ ಸ್ಟುಡಿಯೋಗೆ ಯಾರಕ್ಕ ಬರ್ತಾರೆ?"

ನನಗೆ ಹೊಡೆಯಬೇಕು ಅನಿಸಿತು. ಹೊಡೆಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಹೇಳಿದರೆ ಸುಳ್ಳಾಗುತ್ತಿತ್ತು.

ಆಮೇಲೆ ಅವನು ಬೀಗ ಹಾಕಿದವನು ತೆಗೆಯಲಿಲ್ಲ. ಯಾರಾದರೂ ಹಾಡಿಸಲು ಬಂದರೆ ಮಿಷನ್ ಕೆಟ್ಟಿದೆ ಎಂದು ಕಳಿಸುತ್ತಿದ್ದ. ಸಂಜೆ ಬಂದು ನಮ್ಮ ಜಗುಲಿಯ ಮೇಲೆ ಕೂರುವನು. ಈಗ ಯಾವ ಕಡೆ ಬೇಕಾದರೂ ಕೂರುತ್ತಿದ್ದ. ಎಡಗಡೆ ಕೂತು ನಾನು ಅರ್ಧ ಗಂಟೆ ಬೈದರೂ ರಸ್ತೆ ನೋಡುತ್ತಾ ಇರುವನು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಮಾತ್ರೆ ಬಿಟ್ಟ. ಹೆಂಡತಿ ಅತ್ತಳು, ಕಾರ್ಖಾನೆಗೆ ಹೋಗುವ ಮಗಳು ಜಗಳ ಆಡಿದಳು. ಕಾಲಿಗಾದ ಒಂದು ಗಾಯ ಮಾಗಲಿಲ್ಲ. ಪಾಪಮ್ಮ ಕೊಟ್ಟ ನೂರು ವರ್ಷ ಅಲ್ಲಿಗೆ ಮುಗಿಯಿತು.

ಸುದ್ದಿ ತಿಳಿದು ಹೋದೆ. ಅವನ ಕಡೆಯವರು ಸಾವಿನ ಮನೆಯಲ್ಲಿ ಹಾಡುವವರಲ್ಲ. ಒಂದು ಪುಟ್ಟ ಡಬ್ಬಿಯಲ್ಲಿ ಮಂತ್ರ ಹಾಕಿದ್ದರು. ಚಾಪೆಯ ಮೇಲೆ, ದಕ್ಷಿಣಕ್ಕೆ ತಲೆ, ಎದೆಯವರೆಗೆ ಪಂಚೆ. ಆವತ್ತು ಮಲಗಿದ ಹಾಗೇ. ಡಬ್ಬಿ ನಿಲ್ಲಿಸು ಎಂದು ಅವನ ಮಗಳಿಗೆ ಹೇಳಿದೆ. ನಿಲ್ಲಿಸಿದಳು. ನಾನು ಹೋಗಿ ಕಾಲ ಕಡೆ ಕೂತೆ.

ತಲೆಯ ಕಡೆ ಯಾರೂ ಇರಲಿಲ್ಲ. ಒಂದು ಸೊಲ್ಲಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದೆ. ಆಮೇಲೆ ಎತ್ತಿಕೊಂಡೆ. "ಹೋದ್ಯಪ್ಪ, ನಮ್ಮಪ್ಪಾ." ಮತ್ತೆ ಕಾದೆ. ಮತ್ತೆ ಎತ್ತಿಕೊಂಡೆ. ಅವನ ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ಮುದುಕಿಗೆ ಪದ ಮರೆತುಹೋಗಿದೆ ಎಂದು ಒಬ್ಬಳು ಪಿಸುಗುಟ್ಟಿದಳು.

ಹೆಣ ಎತ್ತುವ ಮೊದಲು ಮಗಳು ಹತ್ತಿರ ಬಂದಳು. "ನಡುನಡುವೆ ಯಾಕಜ್ಜಿ ನಿಲ್ಲಿಸ್ತಿದ್ರಿ?"

"ನಂಗೆ ಬರಾದೇ ಅಷ್ಟು ಕಣವ್ವ."

ಅವಳು ಫೋನಿನಲ್ಲಿ ಹಿಡಿದಿದ್ದಳು. ನನಗೆ ಕೇಳಿಸಿದಳು. ಫ್ಯಾನಿನ ಸದ್ದು, ಯಾರದೋ ಕೆಮ್ಮು, ರಸ್ತೆಯಲ್ಲಿ ಹೋದ ಒಂದು ಗಾಡಿ, ಆಮೇಲೆ ನಾನು. ಮತ್ತೆ ಫ್ಯಾನು. ಸೂಳಗಿರಿಯ ಅಂಗಳದಲ್ಲಿ ಕೇಳಿದ್ದೇ ಇಲ್ಲೂ ಕೇಳಿಸಿತು.

"ಅಳಿಸಿಬುಡು," ಎಂದು ಹೇಳಿ ಮನೆಗೆ ಬಂದೆ.